ಕಬ್ಬು ಕಡಿಯಲು ಬರುವವರೂ ರೈತರೇ

ದೀಪಾವಳಿ ಹೊತ್ತಿಗೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಕಬ್ಬಿನ ಗ್ಯಾಂಗುಗಳು ಬಂದಿಳಿಯುತ್ತವೆ. ಅವರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯವರು ಬಹಳ. ಗಂಡ-ಹೆಂಡತಿ ಜೋಡಿಗೆ ಒಂದು 'ಕೊಯ್ತಾ' ಎಂದು ಲೆಕ್ಕ. ಮುಂಗಡ ಮೊದಲೇ ಪಡೆದಿರುತ್ತಾರೆ, ಕಡಿದು ತೀರಿಸಬೇಕು.

ಹೋದ ಹಂಗಾಮಿನಲ್ಲಿ ಒಬ್ಬರನ್ನು ಕೇಳಿದೆ: "ಊರಾಗ ಹೊಲ ಇಲ್ಲೇನ್ರಿ?"

"ನಾಕ ಎಕರೆ ಐತ್ರಿ. ಬಾವ್ಯಾಗ ನೀರಿಲ್ಲ" ಅಂದರು.

ಅವರನ್ನು ಬರ ಎಬ್ಬಿಸಿತ್ತು. ನಮ್ಮನ್ನು 2019ರ ಆಗಸ್ಟ್‌ನಲ್ಲಿ ಕೃಷ್ಣಾ ಹೊಳೆ ಎಬ್ಬಿಸಿತು. ದನ ಹೊಡಕೊಂಡು ಗಂಜಿ ಕೇಂದ್ರಕ್ಕೆ ಹೋದೆವು. ತಿರುಗಿ ಬಂದಾಗ ಸುಳಿ ಮುಳುಗಿದ ಕಬ್ಬೆಲ್ಲ ಕೊಳೆತಿತ್ತು. ಆ ವರ್ಷ ದೂಧಗಂಗಾ, ವೇದಗಂಗಾ ದಂಡೆಯ ನಿಪ್ಪಾಣಿ, ಚಿಕ್ಕೋಡಿ ರೈತರದೂ ಇದೇ ಪಾಡು. 2021ರ ಜುಲೈನಲ್ಲಿ ಮತ್ತೆ ಹೊಳೆ ಬಂತು.

ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಅದಕ್ಕೇ ಸುರಿದರೆ ಒಮ್ಮೆಲೇ ಸುರಿಯುತ್ತದೆ. ಮಳೆ ತಪ್ಪಿದರೆ ನೆಲ ಬೇಗ ಒಣಗುತ್ತದೆ.

ಊರು ಬಿಟ್ಟವರಲ್ಲಿ ಹೆಚ್ಚಿನವರು ತಮ್ಮ ದೇಶದೊಳಗೇ ಇರುತ್ತಾರೆ. 2050ರ ಹೊತ್ತಿಗೆ ಹೀಗೆ ದೇಶದೊಳಗೇ ಸ್ಥಳಾಂತರವಾಗುವವರು 21.6 ಕೋಟಿವರೆಗೆ ಮುಟ್ಟಬಹುದೆಂದು ವಿಶ್ವಬ್ಯಾಂಕ್ 2021ರಲ್ಲಿ ಅಂದಾಜಿಸಿತು. ಅದರ ಜೊತೆ ಯುದ್ಧ ಸೇರಿದರೆ ಗಡಿ ದಾಟಬೇಕಾಗುತ್ತದೆ. ಸಿರಿಯಾದಲ್ಲಿ 2006ರ ನಂತರ ಸತತ ಬರ ಬಿದ್ದು ಅನೇಕ ರೈತರು ಪಟ್ಟಣ ಸೇರಿದರು. 2011ರಲ್ಲಿ ಸಂಘರ್ಷ ಶುರುವಾಗಿ ಲಕ್ಷಾಂತರ ಜನ ತುರ್ಕಿ, ಲೆಬನಾನ್, ಜರ್ಮನಿ ಕಡೆ ಹೋದರು. ಬರವೊಂದೇ ಕಾರಣವಲ್ಲ, ಆದರೆ ಹೊಲ ಕೈಬಿಟ್ಟವನಿಗೆ ಊರಿನಲ್ಲಿ ಹಿಡಿತ ಉಳಿಯುವುದಿಲ್ಲ.

ಹಾಗಾದರೆ ನಾವೇನು ಮಾಡಬೇಕು?

ಹೊಳೆದಂಡೆಯವರು ಇದ್ದಷ್ಟೂ ಹೊಲಕ್ಕೆ ಕಬ್ಬೊಂದನ್ನೇ ಹಚ್ಚಬೇಡಿ. ಮೇವು, ಬೀಜ, ಕಾಗದಪತ್ರ ಎತ್ತರದ ಜಾಗದಲ್ಲಿಡಿ. ನೀರು ಇಳಿದ ಕೂಡಲೇ ಬಸಿಗಾಲುವೆ ತೆಗೆಯಿರಿ.

ಅಥಣಿಯ ಪೂರ್ವ ಭಾಗದ ಒಣಭೂಮಿಯವರು ಕೃಷಿ ಹೊಂಡ ಮಾಡಿಕೊಳ್ಳಿ, ಜೋಳ ಬಿಡಬೇಡಿ. ನೀರಾವರಿ ಇದ್ದವರು ರವದಿ ಸುಡದೆ ಸಾಲಿನಲ್ಲಿ ಹೊದಿಸಿ, ತೇವ ಉಳಿಯುತ್ತದೆ.

ಗ್ಯಾಂಗು ಬಂದಾಗ ಕುಡಿಯುವ ನೀರು, ನೆರಳು ಕೊಡಿ. ಅವರ ಮಕ್ಕಳನ್ನು ಹತ್ತಿರದ ಅಂಗನವಾಡಿಗೆ ಕಳಿಸಲು ಹೇಳಿ. ಇದಕ್ಕೆ ದೊಡ್ಡ ಖರ್ಚಿಲ್ಲ. ಗಂಜಿ ಕೇಂದ್ರದಲ್ಲಿ ಯಾರೋ ಕೊಟ್ಟ ಊಟವನ್ನು ನಾವೂ ಉಂಡವರೇ ಅಲ್ಲವೇ?