ಕಾಮಗಾರಿಯ ಛಾಯಾಚಿತ್ರ: ಜಾಲತಾಣಕ್ಕೆ ಹಗುರ ಪ್ರತಿ, ಕಚೇರಿಗೆ ಮೂಲ ಪ್ರತಿ

ಚರಂಡಿ, ಶಾಲಾ ಕೊಠಡಿ, ಕೆರೆ ಹೂಳೆತ್ತುವಿಕೆ ಮುಂತಾದ ಕಾಮಗಾರಿಗಳ ಚಿತ್ರಗಳನ್ನು ಜಾಲತಾಣದಲ್ಲಿ ಪ್ರಕಟಿಸುವುದು ಗ್ರಾಮಸ್ಥರು ಮನೆಯಲ್ಲಿಯೇ ಕುಳಿತು ನೋಡಲೆಂದು. ಒಂದೊಂದು ಚಿತ್ರವೂ ನಾಲ್ಕೈದು ಎಂಬಿ ಇದ್ದರೆ, ಸಿಗ್ನಲ್ ದುರ್ಬಲವಾಗಿರುವ ಊರುಗಳಲ್ಲಿ ಪುಟ ತೆರೆಯುವ ಮೊದಲೇ ನೋಡುವವರ ತಾಳ್ಮೆ ತೀರುತ್ತದೆ.

ಸಾಧಾರಣ ಮೊಬೈಲ್ ಸಹ 4000 × 3000, ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್‌ಗಳ ಚಿತ್ರ ತೆಗೆಯುತ್ತದೆ. ಜಾಲತಾಣದ ಪುಟಕ್ಕೆ ಇಷ್ಟು ಬೇಕಿಲ್ಲ. ಅಗಲವನ್ನು 1200ಕ್ಕೆ ಇಳಿಸಿದರೆ ಎತ್ತರವು ಅದೇ ಅನುಪಾತದಲ್ಲಿ 900 ಆಗಿ, 10 ಲಕ್ಷ 80 ಸಾವಿರ ಪಿಕ್ಸೆಲ್ ಉಳಿಯುತ್ತವೆ. ಇದು ಮೂಲದ ಸುಮಾರು ಹನ್ನೊಂದನೆಯ ಒಂದು ಭಾಗ. ಆದ್ದರಿಂದ ಮೊದಲು ಅಳತೆಯನ್ನು ತಗ್ಗಿಸಬೇಕು. ಗುಣಮಟ್ಟಕ್ಕೆ ಕೈಹಾಕುವುದು ಅನಂತರದ ಮಾತು. ಅನೇಕ ಕಡೆ ಇದು ತಿರುವುಮುರುವಾಗಿ ನಡೆಯುತ್ತಿದೆ.

ಜೆಪೆಗ್ ವಿಧಾನವು ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ವಿಭಜಿಸಿ, ಕಣ್ಣಿಗೆ ಸುಲಭವಾಗಿ ಗೋಚರಿಸದ ಸೂಕ್ಷ್ಮ ವ್ಯತ್ಯಾಸಗಳನ್ನು ಕೈಬಿಡುತ್ತದೆ. ಜಿಂಪ್‌ನಂತಹ ಉಚಿತ ತಂತ್ರಾಂಶದಲ್ಲಿ ಗುಣಮಟ್ಟವನ್ನು 75ರಿಂದ 80ರ ಆಸುಪಾಸಿನಲ್ಲಿ ಇರಿಸಿದರೆ ಬದಲಾವಣೆ ಕಾಣುವುದು ವಿರಳ. ತೀರ ಇಳಿಸಿದಾಗ ಮೊದಲು ಕೆಡುವುದು ಆಕಾಶವೋ ಗಿಡಮರವೋ ಅಲ್ಲ, ಅಕ್ಷರದ ಅಂಚು: ನಾಮಫಲಕದಲ್ಲಿನ ಅಂದಾಜು ಮೊತ್ತ, ಚರಂಡಿಯ ಆಳಕ್ಕೆ ಹಿಡಿದ ಟೇಪಿನ ಅಂಕಿ. ಗ್ರಾಮಸ್ಥರು ನೋಡಬಯಸುವುದೂ ಅದನ್ನೇ. ನಾಮಫಲಕವನ್ನು ಹಿಗ್ಗಿಸಿ ಓದಿ ನೋಡಿದ ಬಳಿಕವೇ ಚಿತ್ರವನ್ನು ಸೇರಿಸತಕ್ಕದ್ದು. ಓದಲಾಗದಿದ್ದಲ್ಲಿ ಅಗಲವನ್ನು 1600 ಇಟ್ಟುಕೊಳ್ಳಬಹುದು. ಗ್ರಾಮ ನಕಾಶೆ, ಕಟ್ಟಡದ ನಕ್ಷೆಗಳಿಗೆ ಪಿಎನ್‌ಜಿ ವಿಧಾನ ಸೂಕ್ತ. ಅದರಲ್ಲಿ ಗೆರೆಗಳು ಮಸುಕಾಗುವುದಿಲ್ಲ.

ಕುಗ್ಗಿಸಿದ ಜೆಪೆಗ್ ಪ್ರತಿಯನ್ನೇ ಮತ್ತೆ ಮತ್ತೆ ತಿದ್ದಿ ಉಳಿಸಿದಂತೆಲ್ಲ ವಿವರ ಸವೆಯುತ್ತ ಹೋಗುತ್ತದೆ. ಹೋದದ್ದು ಗುಣಮಟ್ಟವನ್ನು 100ಕ್ಕೆ ಏರಿಸಿದರೂ ಮರಳದು. ಪ್ರತಿ ಬಾರಿಯೂ ಮೂಲದಿಂದಲೇ ಹೊಸ ಪ್ರತಿ ಮಾಡಬೇಕು.

ಮೂಲವನ್ನು ಕಾಯಲು ಇನ್ನೂ ಬಲವಾದ ಕಾರಣವಿದೆ. ಮೊಬೈಲಿನಲ್ಲಿ ಸ್ಥಳ ಗುರುತಿಸುವ ಸೌಲಭ್ಯವನ್ನು ಕ್ಯಾಮೆರಾಕ್ಕೆ ಅನುಮತಿಸಿದ್ದರೆ, ಚಿತ್ರದ ಕಡತದೊಳಗೆ ದಿನಾಂಕ, ವೇಳೆಯ ಜೊತೆಗೆ ಅಕ್ಷಾಂಶ, ರೇಖಾಂಶವೂ ದಾಖಲಾಗಿರುತ್ತವೆ. ಗಾತ್ರ ಕುಗ್ಗಿಸುವ ಹಲವು ತಂತ್ರಾಂಶಗಳು ಇವನ್ನು ಅಳಿಸಿಬಿಡುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಿದಾಗಲೂ ಸ್ಥಳದ ವಿವರ ಉಳಿಯುವುದಿಲ್ಲ. ಸಾಮಾಜಿಕ ಪರಿಶೋಧನೆಯಲ್ಲಿ ‘ಇದು ಆ ಓಣಿಯ ಚರಂಡಿಯೇ ಹೌದೇ’ ಎಂಬ ಪ್ರಶ್ನೆ ಎದ್ದಾಗ, ಅಂದವಾದ ಹಗುರ ಚಿತ್ರ ಉತ್ತರ ಹೇಳಲಾರದು. ಸದಸ್ಯರು ಸ್ಥಳದಿಂದ ಚಿತ್ರ ಕಳುಹಿಸುವಾಗ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸುವುದು ಸೂಕ್ತ. ಕಚೇರಿಯಲ್ಲಿ ಅದನ್ನು ಕಾಮಗಾರಿ ಸಂಖ್ಯೆಯ ಹೆಸರಿನಲ್ಲಿ ಪ್ರತ್ಯೇಕ ಫೋಲ್ಡರಿನಲ್ಲಿ ಇರಿಸಬೇಕು. ವಸತಿ ಯೋಜನೆಯ ಫಲಾನುಭವಿಯ ಮನೆಯ ಚಿತ್ರವಾದರೆ, ಜಾಲತಾಣದ ಪ್ರತಿಯಲ್ಲಿ ಸ್ಥಳದ ವಿವರ ಇಲ್ಲದಿರುವುದೇ ಒಳಿತು.