ಮೈಕ್ರೋಕಂಟ್ರೋಲರಿನ ಫ್ಲ್ಯಾಶ್ ಸ್ಮರಣಕೋಶ: ಬರೆಯುವ ಮತ್ತು ಅಳಿಸುವ ಕ್ರಮ

ಇತಿಹಾಸದ ಅಧ್ಯಾಪಕನೊಬ್ಬನು ಎಲೆಕ್ಟ್ರಾನಿಕ್ ಉಪಕರಣವನ್ನು ಕುರಿತು ಬರೆಯಹೊರಡುವುದು ವಾಚಕರಿಗೆ ಅನಧಿಕಾರ ಚೇಷ್ಟೆಯೆಂದು ತೋರಬಹುದು. ಆದರೆ ಇಂದು ವಿದ್ಯುತ್ ಮೀಟರು, ಒಗೆಯುವ ಯಂತ್ರ, ವಾಹನದ ಎಂಜಿನು ಮೊದಲಾದುವನ್ನು ನಡೆಯಿಸುವ ಆಜ್ಞೆಗಳು ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಚಿಪ್ಪಿನೊಳಗೆ ಲಿಖಿತವಾಗಿವೆ. ಲಿಖಿತವಾದುದು ಮುಂದೆ ಇತಿಹಾಸಕಾರನಿಗೆ ಆಕರವಾಗತಕ್ಕುದೇ ಆದುದರಿಂದ ಆ ಬರೆಹದ ರೀತಿಯನ್ನು ನಾವೂ ಅರಿತಿರುವುದು ಉಚಿತ.

ಆರ್ಡುಯಿನೊ ಊನೊ ಫಲಕದ ಮೂಲಕ ವಿದ್ಯಾರ್ಥಿಗಳಿಗೆ ಪರಿಚಿತವಾದ ಎಟಿಮೆಗಾ328ಪಿ ಚಿಪ್ಪನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ 32 ಕಿಲೋಬೈಟುಗಳ ಫ್ಲ್ಯಾಶ್ ಸ್ಮರಣಕೋಶವುಂಟು. ಅದನ್ನು ತಲಾ 128 ಬೈಟುಗಳ 256 ಪುಟಗಳಾಗಿ ವಿಂಗಡಿಸಲಾಗಿದೆ. ಒಂದೊಂದು ಬಿಟ್ಟೂ ಅವಾಹಕ ಪದರಗಳ ನಡುವೆ ಸೆರೆಯಾದ ವಿದ್ಯುದಾವೇಶದ ಇರವು ಅಥವಾ ಇಲ್ಲದಿರವು. ಆದುದರಿಂದ ವಿದ್ಯುತ್ತು ನಿಂತರೂ ಬರೆಹ ನಿಲ್ಲುತ್ತದೆ. ಈ ತತ್ತ್ವವನ್ನು 1967ರಲ್ಲಿ ಬೆಲ್ ಪ್ರಯೋಗಾಲಯದ ಕಾಂಗ್ ಮತ್ತು ಝೀ ಎಂಬವರು ಪ್ರಕಟಿಸಿದರು. ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ ಅವರು 1984ರಲ್ಲಿ ಫ್ಲ್ಯಾಶ್ ಸ್ಮರಣಕೋಶವನ್ನು ವಿದ್ವಾಂಸರ ಮುಂದಿಟ್ಟರು.

ಅಳಿಸಿದ ಪುಟದಲ್ಲಿ ಎಲ್ಲ ಬಿಟ್ಟುಗಳೂ 1 ಆಗಿರುತ್ತವೆ. ಬರೆಯುವುದೆಂದರೆ ಬೇಕಾದವನ್ನು 0 ಮಾಡುವುದು. ಅದನ್ನು ಮರಳಿ 1 ಮಾಡಬೇಕಾದರೆ ಇಡೀ ಪುಟವನ್ನೇ ಅಳಿಸಬೇಕು. ನಮ್ಮ ಹಳೆಯ ಕಡತದಲ್ಲಿ ಬಳಪದ ಒಂದೇ ಅಕ್ಷರವನ್ನು ಒರೆಸಿ ತಿದ್ದಬಹುದಾಗಿತ್ತು. ಇಲ್ಲಿ ಆ ಸೌಕರ್ಯವಿಲ್ಲ. ಹೀಗೆ ಅಳಿಸಿ ಬರೆಯುವುದನ್ನು ತಯಾರಕರು 10,000 ಸಲದವರೆಗೆ ಮಾತ್ರ ಹೇಳುತ್ತಾರೆ.

ಬರೆಯುವುದಕ್ಕೆ ಮೂರು ವಿಧಾನಗಳುಂಟು. ರೀಸೆಟ್ ಕಾಲನ್ನು ಕೆಳ ವೋಲ್ಟೇಜಿನಲ್ಲಿ ಹಿಡಿದು, ಹೊರಗಿನ ಪ್ರೋಗ್ರಾಮರ್ ಉಪಕರಣದಿಂದ ಆಜ್ಞೆಗಳನ್ನು ಬಿಟ್ಟಿನ ಮೇಲೆ ಬಿಟ್ಟಾಗಿ ಕಳುಹಿಸುವುದು ಸರಣಿ ವಿಧಾನ. ಎರಡನೆಯದು ಹೆಚ್ಚು ಕುತೂಹಲಕರ: ಚಿಪ್ಪು ತನ್ನನ್ನು ತಾನೇ ಬರೆದುಕೊಳ್ಳುತ್ತದೆ. ಸ್ಮರಣಕೋಶದ ಕೊನೆಯಲ್ಲಿರುವ ಬೂಟ್‌ಲೋಡರ್ ಎಂಬ ಕಿರು ಪ್ರೋಗ್ರಾಂ ಹೊಸ ಆಜ್ಞೆಗಳನ್ನು ಹೊರಗಿನಿಂದ ಪಡೆದು ಪುಟಪುಟವಾಗಿ ತುಂಬುತ್ತದೆ. ಮೊದಲ 28 ಕಿಲೋಬೈಟುಗಳ ಪುಟಗಳನ್ನು ಅಳಿಸುವಾಗ ಸಂಸ್ಕಾರಕವು ಕೊನೆಯ 4 ಕಿಲೋಬೈಟುಗಳಲ್ಲಿನ ಆಜ್ಞೆಗಳನ್ನು ಓದುತ್ತ ಕೆಲಸ ಮುಂದುವರಿಸಬಲ್ಲುದು; ಆ ಕೊನೆಯ ಭಾಗವನ್ನೇ ಅಳಿಸುವಾಗ ಮಾತ್ರ ಅದು ಸುಮ್ಮನೆ ನಿಂತು ಕಾಯಬೇಕು. ತಾನು ಕುಳಿತ ಕೊಂಬೆಯನ್ನು ಕಡಿಯುವವನ ಪಾಡು ಅದು!

ಮೂರನೆಯದು ರೀಸೆಟ್ ಕಾಲಿಗೆ 12 ವೋಲ್ಟ್ ಕೊಡುವ ಸಮಾಂತರ ವಿಧಾನ. ಫ್ಯೂಸ್ ಎಂಬ ವ್ಯವಸ್ಥಾಬಿಟ್ಟೊಂದನ್ನು ಬದಲಿಸಿ ರೀಸೆಟ್ ಕಾಲನ್ನು ಸಾಮಾನ್ಯ ಕಾಲಾಗಿ ಮಾಡಿಬಿಟ್ಟರೆ ಸರಣಿ ವಿಧಾನದ ಬಾಗಿಲು ಮುಚ್ಚುತ್ತದೆ. ಆಗ ಈ ವಿಧಾನವೇ ಗತಿ. ಈ ಲೇಖಕನು ಅಜ್ಞಾನದಿಂದ ಒಂದು ಚಿಪ್ಪನ್ನು ಹಾಗೆ ಮಾಡಿಕೊಂಡು ಪೇಚಾಡಿದ್ದುಂಟು.

ಇನ್ನು ಬೀಗದ ಬಿಟ್ಟುಗಳು. ಅವುಗಳನ್ನು ಹಾಕಿದ ಮೇಲೆ ಹೊರಗಿನ ಪ್ರೋಗ್ರಾಮರ್ ಒಳಗಣ ಬರೆಹವನ್ನು ಓದಲಾರದು. ಬೀಗ ತೆಗೆಯುವ ಮಾರ್ಗ ಸಮಗ್ರ ಅಳಿಕೆಯೊಂದೇ. ಅದರಲ್ಲಿಯೂ ಮೊದಲು ಫ್ಲ್ಯಾಶ್ ಅಳಿಯುತ್ತದೆ, ಆಮೇಲೆ ಬೀಗ. ಪೆಟ್ಟಿಗೆ ತೆರೆಯುವ ಹೊತ್ತಿಗೆ ಓಲೆ ಬೂದಿಯಾಗಿರುತ್ತದೆ. ತಯಾರಕನು ತನ್ನ ಶ್ರಮದ ಫಲವನ್ನು ಕಾಯ್ದುಕೊಳ್ಳುವುದು ನ್ಯಾಯವೇ. ಆದರೆ ಮೀಟರೊಂದು ಲೆಕ್ಕ ಹಾಕಿದ ಬಗೆಯ ಮೇಲೆ ವಿವಾದವೆದ್ದಾಗ, ಮೂಲಪ್ರತಿಯನ್ನು ಬೇರೆಡೆ ಕಾಪಾಡಿರದಿದ್ದರೆ, ಪರಿಶೀಲಕನಿಗೆ ಉಳಿಯುವುದು ಮೂಕ ಸಾಕ್ಷಿಯೊಂದೇ. ಬೀಗವಿಲ್ಲದ ಚಿಪ್ಪಿನಲ್ಲಿಯೂ ಬರೆಹ ಉಳಿಯುವ ಅವಧಿಯನ್ನು ತಯಾರಕರು 85 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 20 ವರ್ಷ, 25 ಡಿಗ್ರಿಯಲ್ಲಿ 100 ವರ್ಷವೆಂದು ನಮೂದಿಸಿದ್ದಾರೆ.