ಮೊದಲು ಬಲ್ಬು ಒಡಿ

ಕಾರಿಡಾರಿನ ಆ ತುದಿಯಲ್ಲಿ ಇಬ್ಬರು ಕಾವಲುಗಾರರು. ಒಬ್ಬ ಗೋಡೆಗೊರಗಿ ನಿಂತಿದ್ದಾನೆ, ಇನ್ನೊಬ್ಬ ಹತ್ತು ಹೆಜ್ಜೆ ಆ ಕಡೆ, ಹತ್ತು ಹೆಜ್ಜೆ ಈ ಕಡೆ ಓಡಾಡುತ್ತಿದ್ದಾನೆ. ನನ್ನ ಬಂದೂಕಿನಲ್ಲಿ ಉಳಿದಿರುವ ಗುಂಡು ಬೆರಳೆಣಿಕೆಯಷ್ಟು. ಬೇರೆ ಗೇಮ್ ಆಗಿದ್ದರೆ ನೇರ ತಲೆಗೆ ಗುರಿ ಇಡುತ್ತಿದ್ದೆ. ಇಲ್ಲಿ ಗುರಿ ಇಟ್ಟಿದ್ದು ಅವರ ನೆತ್ತಿಯ ಮೇಲಿದ್ದ ದೀಪಕ್ಕೆ. ಗಾಜು ಪುಡಿಯಾಗಿ ಉದುರಿತು, ಕಾರಿಡಾರು ಕಪ್ಪಾಯಿತು. ಒಂದು ಬಟನ್ ಒತ್ತಿದೆ. ಕತ್ತಲೆ ನಿಧಾನವಾಗಿ ನೇರಳೆ ಬಣ್ಣಕ್ಕೆ ತಿರುಗಿ ಗೋಡೆ, ಪೈಪು, ಆ ಇಬ್ಬರ ಬೆನ್ನು ಎಲ್ಲವೂ ಹಗಲಿನಂತೆ ಕಾಣತೊಡಗಿತು. ಅವರಿಗೆ ನಾನು ಕಾಣುತ್ತಿಲ್ಲ. ಬಂದೂಕಿಗೆ ಸಿಕ್ಕಿಸಿದ್ದ ಟಾರ್ಚ್ ಹಚ್ಚಿಕೊಂಡು ತಡಕಾಡುತ್ತಿದ್ದಾರೆ.

ಅಷ್ಟರಲ್ಲಿ ಹಿಂದಿನಿಂದ ಅಮ್ಮ: "ಆ ಲೈಟಾದ್ರೂ ಹಾಕ್ಕೊಳ್ಳೋ. ಹೀಗೆ ಕತ್ತಲಲ್ಲಿ ಕೂತ್ರೆ ಕಣ್ಣು ಹೋಗತ್ತೆ."

ಕಣ್ಣು ಬಂದಿದ್ದೇ ಈಗ ಎಂದು ಅಮ್ಮನಿಗೆ ಹೇಗೆ ಹೇಳುವುದು?

ಆಟದ ಹೆಸರು 'ದಿ ಕ್ರಾನಿಕಲ್ಸ್ ಆಫ್ ರಿಡಿಕ್: ಎಸ್ಕೇಪ್ ಫ್ರಮ್ ಬುಚರ್ ಬೇ'. 2004ರ ಜೂನ್‌ನಲ್ಲಿ ಮೊದಲ ಎಕ್ಸ್‌ಬಾಕ್ಸ್‌ಗೆ ಬಂದದ್ದು. ಆ ಎಕ್ಸ್‌ಬಾಕ್ಸ್ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಾಟಕ್ಕೇ ಬರಲಿಲ್ಲ. 2006ರಲ್ಲಿ ಎಕ್ಸ್‌ಬಾಕ್ಸ್ 360 ಬರುವ ತನಕ ಕಾಯಬೇಕಾಯಿತು. ಹಾಗಾಗಿ ನಾನು ಇದನ್ನು ಆಡಿದ್ದು ತಡವಾಗಿ, 2009ರಲ್ಲಿ 'ಅಸಾಲ್ಟ್ ಆನ್ ಡಾರ್ಕ್ ಅಥೆನಾ' ಎಂಬ ಮುಂದಿನ ಭಾಗದ ಜೊತೆ ಹೊಸದಾಗಿ ತಿದ್ದಿ ತಂದ ಡಿಸ್ಕ್‌ನಲ್ಲಿ. ಮೊನ್ನೆ ಅಟ್ಟದ ಮೇಲಿಂದ ಹಳೇ ಕನ್ಸೋಲ್ ಇಳಿಸಿ, ಧೂಳು ಊದಿ, ಮತ್ತೆ ಕೂತೆ. ಇಪ್ಪತ್ತು ವರ್ಷ ದಾಟಿದ ಆಟ. ಮುಖಗಳು ಮೇಣದ ಗೊಂಬೆಯಂತಾಗಿವೆ, ನಿಜ. ಕತ್ತಲೆಗೆ ಮಾತ್ರ ವಯಸ್ಸಾಗಿಲ್ಲ.

ಸಿನಿಮಾ ಆಧರಿಸಿದ ಗೇಮ್ ಎಂದರೆ ಆಡುವವರು ಮೂಗು ಮುರಿಯುವುದು ವಾಡಿಕೆ. ಅದಕ್ಕೆ ಕಾರಣವೂ ಇದೆ. 1982ರಲ್ಲಿ ಅಟಾರಿ ಕಂಪನಿ ಸ್ಪೀಲ್‌ಬರ್ಗ್‌ರ 'ಇ.ಟಿ.' ಚಿತ್ರದ ಹಕ್ಕು ಕೊಂಡು, ಕ್ರಿಸ್‌ಮಸ್ ಮಾರಾಟಕ್ಕೆ ಸಿದ್ಧವಾಗಲೇಬೇಕು ಎಂದು ಹೊವಾರ್ಡ್ ಸ್ಕಾಟ್ ವಾರ್ಶಾ ಎಂಬ ಒಬ್ಬನೇ ಪ್ರೋಗ್ರಾಮರ್ ಕೈಗೆ ಐದೇ ವಾರ ಕೊಟ್ಟಿತು. ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳನ್ನು ಮರುವರ್ಷ ನ್ಯೂ ಮೆಕ್ಸಿಕೊದ ಅಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತರು. 2014ರಲ್ಲಿ ಅಗೆದಾಗ ನಿಜಕ್ಕೂ ಸಿಕ್ಕವು. ಆಮೇಲೂ ಕಥೆ ಬಹಳ ಬದಲಾಗಲಿಲ್ಲ. ಸಿನಿಮಾ ಬಿಡುಗಡೆಯ ದಿನ ಗೊತ್ತಾಗಿರುತ್ತದೆ, ಗೇಮ್ ಅದೇ ದಿನಕ್ಕೆ ಮುಗಿಯಬೇಕು. ಕಥೆಯೂ ಸಿನಿಮಾದ್ದೇ ಆಗಿರಬೇಕು. ಥಿಯೇಟರಿನಲ್ಲಿ ಎರಡು ಗಂಟೆಯಲ್ಲಿ ನೋಡಿ ಮುಗಿಸಿದ್ದನ್ನೇ ಎಂಟು ಗಂಟೆ ಎಳೆದು, ಮಧ್ಯದ ಖಾಲಿ ಜಾಗದಲ್ಲೆಲ್ಲ ಯಾರನ್ನೋ ಹೊಡೆಯಲು ಬಿಡುತ್ತಾರೆ. 1997ರ 'ಗೋಲ್ಡನ್‌ಐ' ಈ ಶಾಪ ಕಳೆದುಕೊಂಡ ಅಪರೂಪದ ಆಟ. ಅದೂ ಚಿತ್ರ ಬಂದ ಎರಡು ವರ್ಷದ ಮೇಲೆ, ಪುರುಸೊತ್ತಾಗಿ ಬಂದದ್ದು.

ಬುಚರ್ ಬೇಗೆ ಆ ಪುರುಸೊತ್ತು ಇರಲಿಲ್ಲ. 'ದಿ ಕ್ರಾನಿಕಲ್ಸ್ ಆಫ್ ರಿಡಿಕ್' ಚಿತ್ರ ಮತ್ತು ಈ ಆಟ ಒಂದೇ ತಿಂಗಳು ಬಂದವು. ಮಾಡಿದವರು ಸ್ವೀಡನ್ನಿನ ಉಪ್ಸಾಲಾ ಊರಿನ ಸ್ಟಾರ್‌ಬ್ರೀಜ್ ಎಂಬ ಸಣ್ಣ ಸ್ಟುಡಿಯೊದವರು. ಜೊತೆಗೆ ರಿಡಿಕ್ ಪಾತ್ರದ ನಾಯಕ ನಟ ವಿನ್ ಡೀಸೆಲ್ ಸ್ವತಃ ಕಟ್ಟಿದ ಟೈಗಾನ್ ಸ್ಟುಡಿಯೋಸ್. ಡೀಸೆಲ್ ಗೇಮ್ ಹುಚ್ಚಿನ ಮನುಷ್ಯ. ದನಿ ಕೊಟ್ಟು, ಸಂಭಾವನೆ ಎಣಿಸಿಕೊಂಡು ಹೋದವನಲ್ಲ. ಇವರೆಲ್ಲ ಸೇರಿ ಮಾಡಿದ ಜಾಣತನದ ಕೆಲಸವೆಂದರೆ ಆ ವರ್ಷದ ಸಿನಿಮಾದ ಕಥೆಯನ್ನು ಮುಟ್ಟದೇ ಇದ್ದದ್ದು. ಅದರಲ್ಲಿ ಸಾಮ್ರಾಜ್ಯ, ಸೈನ್ಯ, ಭವಿಷ್ಯವಾಣಿ ಇತ್ಯಾದಿ ಭರ್ಜರಿ ಸರಕಿತ್ತು. ಅದನ್ನೆಲ್ಲ ಬಿಟ್ಟು, ರಿಡಿಕ್ ಮೊದಲು ಕಾಣಿಸಿಕೊಂಡ 2000ದ 'ಪಿಚ್ ಬ್ಲ್ಯಾಕ್' ಚಿತ್ರಕ್ಕೂ ಹಿಂದೆ ನಡೆದ ಒಂದು ಜೈಲಿನ ಕಥೆ ಕಟ್ಟಿದರು. ರಿಡಿಕ್‌ನನ್ನು ಹಿಡಿದ ಜಾನ್ಸ್ ಎಂಬ ಬಾಡಿಗೆ ಬೇಟೆಗಾರ ಅವನನ್ನು ಬುಚರ್ ಬೇ ಜೈಲಿಗೆ ತಂದು ಒಪ್ಪಿಸುತ್ತಾನೆ. ಅಲ್ಲಿಂದ ಯಾರೂ ತಪ್ಪಿಸಿಕೊಂಡಿಲ್ಲವಂತೆ. ಅಷ್ಟೇ ಕಥೆ.

ಸಿನಿಮಾದಿಂದ ಅವರು ಎತ್ತಿಕೊಂಡದ್ದು ಒಂದೇ: ಅವನ ಕಣ್ಣು.

'ಪಿಚ್ ಬ್ಲ್ಯಾಕ್' ನೋಡಿದವರಿಗೆ ನೆನಪಿರಬಹುದು, ರಿಡಿಕ್‌ಗೆ ಕತ್ತಲಲ್ಲಿ ಕಣ್ಣು ಕಾಣುತ್ತದೆ. ಹಗಲಲ್ಲಿ ಗಾಗಲ್ಸ್ ಬೇಕು. ಜೈಲಿನಲ್ಲಿ ಒಬ್ಬ ಡಾಕ್ಟರಿಗೆ ಇಪ್ಪತ್ತು ಮೆಂಥಾಲ್ ಸಿಗರೇಟು ಕೊಟ್ಟು ಮಾಡಿಸಿಕೊಂಡದ್ದು ಎಂದು ಅವನೇ ಆ ಚಿತ್ರದಲ್ಲಿ ಹೇಳುತ್ತಾನೆ. ಆದರೆ ಸಿನಿಮಾಕ್ಕೆ ಒಂದು ಕಷ್ಟವಿದೆ: ಪರದೆ ಪೂರ್ತಿ ಕಪ್ಪಾದರೆ ಪ್ರೇಕ್ಷಕ ಸೀಟಿ ಹೊಡೆಯುತ್ತಾನೆ. ಹಾಗಾಗಿ ಬಣ್ಣ ಬದಲಿಸಿದ ನಾಲ್ಕಾರು ಶಾಟ್‌ಗಳಲ್ಲಿ ಅವನ ದೃಷ್ಟಿ ತೋರಿಸಿ ಮುಂದೆ ಹೋಗುತ್ತಾರೆ. ಅವನಿಗೆ ಕಾಣುತ್ತದೆ ಎಂದು ನಮಗೆ ತಿಳಿಯುತ್ತದೆ, ಅಷ್ಟೇ.

ಆಟದಲ್ಲಿ ಆ ಕಣ್ಣು ಬರುವುದು ತಡವಾಗಿ. ಜೈಲಿನ ಬುಡದ ಚರಂಡಿ ಸುರಂಗದೊಳಗೆ ಬಿದ್ದಿರುತ್ತೇವೆ. ಕೈಯಲ್ಲೊಂದು ಟಾರ್ಚು, ಸುತ್ತ ಏನೇನೋ ಮಿಸುಕಾಡುವ ಸದ್ದು. ನಮ್ಮೂರಲ್ಲಿ ರಾತ್ರಿ ಕರೆಂಟು ಹೋದಾಗ ಹಿತ್ತಿಲ ಬಚ್ಚಲಿಗೆ ಹೋಗಬೇಕಾದ ಹುಡುಗನ ಪಾಡು ಅದು. ಟಾರ್ಚ್ ಬೆಳಕು ಬಿದ್ದ ಕಡೆ ಏನೂ ಇಲ್ಲ, ಬೀಳದ ಕಡೆಯೇ ಎಲ್ಲ. ಪೋಪ್ ಜೋ ಎಂಬ ಅರೆಹುಚ್ಚ ಮುದುಕ ಗಾಯ ಹೊಲಿದು ಕೊಡುತ್ತಾನೆ. ಅದಾದ ಮೇಲೆ ಕಣ್ಣು ಬೇರೆಯದೇ ಆಗಿಬಿಟ್ಟಿರುತ್ತದೆ. ಸಿನಿಮಾದ ಸಿಗರೇಟು ಡಾಕ್ಟರ್ ಕಥೆಗೂ ಇದಕ್ಕೂ ತಾಳೆಯಾಗುವುದಿಲ್ಲ. ರಿಡಿಕ್ ಸಿನಿಮಾದಲ್ಲಿ ಬುರುಡೆ ಬಿಟ್ಟಿದ್ದ ಎಂದುಕೊಂಡು ಸುಮ್ಮನಾದೆ. ಜೈಲಿನ ಮೂಲೆಮೂಲೆಯಲ್ಲಿ ಹುಡುಕಿ ಎತ್ತಿಕೊಳ್ಳಲು ಸಿಗರೇಟು ಪ್ಯಾಕುಗಳನ್ನು ಬಚ್ಚಿಟ್ಟಿರುವುದು ಆ ಮಾತಿನ ನೆನಪಿಗೇ ಇರಬೇಕು.

ಕಣ್ಣು ಬಂದ ಮೇಲೆ ಆಟದ ಲೆಕ್ಕಾಚಾರವೇ ತಲೆಕೆಳಗು. ಅಲ್ಲಿಯವರೆಗೆ ಬೆಳಕು ಕಂಡರೆ ಸಮಾಧಾನವಾಗುತ್ತಿತ್ತು. ಈಗ ಅದೇ ಬೆಳಕು ಕಣ್ಣಿಗೆ ಸುಣ್ಣ ಎರಚಿದ ಹಾಗೆ. ಆ ದೃಷ್ಟಿಯನ್ನು ಚಾಲೂ ಇಟ್ಟುಕೊಂಡು ದೀಪದ ಕಡೆ ತಿರುಗಿದರೆ ಪರದೆಯೆಲ್ಲ ಬೆಳ್ಳಗಾಗಿ ಏನೂ ಕಾಣುವುದಿಲ್ಲ. ಒಂದು ಗಂಟೆ ಆಡುವಷ್ಟರಲ್ಲಿ ಹೊಸ ಕೋಣೆಗೆ ಕಾಲಿಟ್ಟ ಕೂಡಲೇ ನಾನು ಬಾಗಿಲು, ಬಂದೂಕು, ಮನುಷ್ಯರನ್ನು ನೋಡುವ ಮೊದಲು ಸೂರನ್ನು ನೋಡುತ್ತಿದ್ದೆ: ಎಷ್ಟು ದೀಪ, ಯಾವುದನ್ನು ಒಡೆಯಬಹುದು, ನೆರಳು ಎಲ್ಲಿಂದ ಎಲ್ಲಿಯವರೆಗೆ. ಇದು ರಿಡಿಕ್ ಯೋಚಿಸುವ ರೀತಿ. ಎರಡು ಸಿನಿಮಾ ನೋಡಿದರೂ ನನಗೆ ಗೊತ್ತಾಗದೆ ಇದ್ದದ್ದು ಹೆಬ್ಬೆರಳಿಗೆ ಗೊತ್ತಾಯಿತು.

ಕಳ್ಳಹೆಜ್ಜೆಯ ಆಟಗಳಿಗೆ ಇದು ಹೊಸದೇನಲ್ಲ. 1998ರ 'ಥೀಫ್' ಪರದೆಯ ಕೆಳಗೆ ಒಂದು ಹರಳು ಇಟ್ಟು, ನೀನು ಎಷ್ಟು ಬೆಳಕಿನಲ್ಲಿದ್ದೀಯ ಎಂದು ಅದು ಮಿನುಗಿ ಹೇಳುವಂತೆ ಮಾಡಿತ್ತು. 2002ರ 'ಸ್ಪ್ಲಿಂಟರ್ ಸೆಲ್' ಅದಕ್ಕೊಂದು ಮೀಟರ್ ಕೊಟ್ಟಿತ್ತು. ಬುಚರ್ ಬೇಯಲ್ಲಿ ಮೀಟರೂ ಇಲ್ಲ, ಹರಳೂ ಇಲ್ಲ. ಕುಕ್ಕರಗಾಲಲ್ಲಿ ಕೂತು ನೆರಳಿಗೆ ಸರಿದರೆ ಇಡೀ ಪರದೆಗೆ ತೆಳುವಾಗಿ ನೀಲಿ ಛಾಯೆ ಬರುತ್ತದೆ. ಅಡಗಿದ್ದೇನೆ ಎಂದು ಮೈಗೇ ತಿಳಿದ ಹಾಗೆ. ಜೀವ ಎಷ್ಟು ಉಳಿದಿದೆ ಎಂದು ತೋರಿಸುವ ಚೌಕಗಳೂ ಪೆಟ್ಟು ಬಿದ್ದಾಗ ಮಾತ್ರ ಬಂದು ಹೋಗುತ್ತವೆ. ಮಿಕ್ಕ ಹೊತ್ತು ಪರದೆ ಖಾಲಿ. ಕೆಳಗೆ ನೋಡಿದರೆ ನಮ್ಮದೇ ಕಾಲು, ಗೋಡೆಯ ಮೇಲೆ ನಮ್ಮದೇ ಬೋಳುತಲೆಯ ನೆರಳು. ಗಾಯ ವಾಸಿ ಮಾಡುವುದಕ್ಕೆ ಗೋಡೆಯಲ್ಲೊಂದು ಯಂತ್ರ ಉಂಟು. ಕತ್ತು ಕೊಟ್ಟು ನಿಲ್ಲಬೇಕು, ಸೂಜಿಗಳು ಚುಚ್ಚಿಕೊಳ್ಳುತ್ತವೆ. ಇಂಜೆಕ್ಷನ್ ಎಂದರೆ ಈಗಲೂ ಮುಖ ತಿರುಗಿಸುವ ನಾನು ಪ್ರತಿ ಸಲವೂ ಅಲ್ಲಿ ಕಣ್ಣು ಮುಚ್ಚಿದ್ದೇನೆ.

ಬಂದೂಕಿನ ವಿಷಯದಲ್ಲೂ ಹೀಗೇ ಕೈಕಟ್ಟಿ ಹಾಕುತ್ತಾರೆ. ಕಾವಲುಗಾರರ ಬಂದೂಕುಗಳು ಅವರವರ ಡಿಎನ್‌ಎಗೆ ಹೊಂದಿಕೊಂಡಿರುತ್ತವೆ. ಬಿದ್ದದ್ದನ್ನು ಎತ್ತಿಕೊಳ್ಳಲು ಹೋದರೆ ಕೈಗೆ ಶಾಕ್ ಹೊಡೆಯುತ್ತದೆ. ಆದ್ದರಿಂದ ಮೊದಲ ಭಾಗವೆಲ್ಲ ಮುಷ್ಟಿ, ಚೂರಿ, ಸ್ಕ್ರೂಡ್ರೈವರ್. ಕಾವಲುಗಾರ ಬಂದೂಕಿನ ಹಿಂಬದಿಯಿಂದ ಕುಟ್ಟಲು ಬಂದಾಗ ಸರಿಯಾದ ಕ್ಷಣಕ್ಕೆ ಬಟನ್ ಒತ್ತಿದರೆ, ರಿಡಿಕ್ ಆ ಬಂದೂಕನ್ನು ಅವನ ಕೈಯಲ್ಲೇ ತಿರುಚಿ ಅವನ ಗದ್ದಕ್ಕೇ ಒತ್ತಿ ಹಾರಿಸುತ್ತಾನೆ. ಭೀಕರ. ಮಕ್ಕಳ ಕೈಗೆ ಕೊಡುವ ಆಟವಲ್ಲ ಎಂದು ಬೇರೆ ಹೇಳಬೇಕಿಲ್ಲ. ಆದರೆ ಆ ಭೀಕರತೆಗೆ ಲೆಕ್ಕವಿದೆ. ಶಾಕ್ ಹೊಡೆಯುವ ಬಂದೂಕನ್ನು ಬಳಸಲು ಉಳಿದ ದಾರಿ ಅದೊಂದೇ.

ನನಗೆ ಬಹಳ ಹಿಡಿಸಿದ್ದು ಏನೂ ನಡೆಯದ ಹೊತ್ತುಗಳು. ಜೈಲಿನ ಅಂಗಳದಲ್ಲಿ ಸುಮ್ಮನೆ ತಿರುಗಾಡಬಹುದು. ಒಬ್ಬ ಕೈದಿಗೆ ಇನ್ನೊಬ್ಬನ ಮೇಲೆ ಹಗೆ, ಮತ್ತೊಬ್ಬನ ಹತ್ತಿರ ಮಾರಲು ಏನೋ ಇದೆ, ಮಗದೊಬ್ಬ ಮಾತಾಡಿಸಿದರೆ ಗುರ್ ಎನ್ನುತ್ತಾನೆ. ಇವನ ಕೆಲಸ ಮಾಡಿಕೊಟ್ಟರೆ ಚೂರಿ, ಅವನನ್ನು ಮುಗಿಸಿದರೆ ದುಡ್ಡು. ಜೈಲೂ ಒಂದು ಊರೇ, ಅಲ್ಲಿಯೂ ಕಟ್ಟೆ ಪಂಚಾಯಿತಿ, ಗುಂಪುಗಾರಿಕೆ ಇದೆ ಎಂಬುದು ಗುಂಡು ಹಾರಿಸುವ ಆಟವೊಂದರಲ್ಲಿ ಇಷ್ಟು ಜೀವಂತವಾಗಿ ಬಂದದ್ದನ್ನು ನಾನು ಕಂಡಿರಲಿಲ್ಲ.

ದೋಷಗಳಿಲ್ಲವೆ? ಇವೆ. ಸುರಂಗದ ಜೀವಿಗಳನ್ನು ಸುಟ್ಟುಕೊಂಡು ಹೋಗುವ ಭಾಗ ಯಾವುದೇ ಹತ್ತು ಆಟಗಳಲ್ಲಿ ಇರಬಹುದಾದದ್ದು. ಎರಡನೆಯ ಹಂತದ ಜೈಲಿನಲ್ಲಿ ಗಣಿಯಿಂದ ಅಂಗಳಕ್ಕೆ, ಅಂಗಳದಿಂದ ಗಣಿಗೆ ಸಾಮಾನು ಸಾಗಿಸುವ ಓಡಾಟ ಹೆಚ್ಚಾಯಿತು. ಮೂರನೆಯ ಹಂತದ ಕಲ್ಪನೆ ಮಾತ್ರ ಮೈ ಜುಮ್ಮೆನಿಸುತ್ತದೆ: ಕೈದಿಗಳನ್ನು ಹಿಮದ ನಿದ್ರೆಯಲ್ಲಿಟ್ಟು, ದಿನಕ್ಕೆ ಕೆಲವೇ ನಿಮಿಷ ಎಬ್ಬಿಸುತ್ತಾರೆ. ಅಂಥ ಜಾಗಕ್ಕೆ ಬಂದ ಮೇಲೆ ನಮ್ಮನ್ನು ದೈತ್ಯ ಯಂತ್ರದೊಳಗೆ ಕೂರಿಸಿ ಸಿಕ್ಕಸಿಕ್ಕವರ ಮೇಲೆ ಗುಂಡು ಸುರಿಸಲು ಬಿಟ್ಟಿದ್ದೇಕೆ? ಕತ್ತಲೆಯ ಆಟಗಾರನಿಗೆ ಪಟಾಕಿ ಅಂಗಡಿ ಕೊಟ್ಟ ಹಾಗಾಯಿತು. 2009ರ ಮುಂದಿನ ಭಾಗಕ್ಕೂ ಇದೇ ರೋಗ. ಬಾಹ್ಯಾಕಾಶ ಹಡಗಿನೊಳಗೆ ಇರುವಷ್ಟು ಹೊತ್ತು ಸೊಗಸು, ನೆಲಕ್ಕಿಳಿದು ಬಿಸಿಲಿಗೆ ಬಂದ ಮೇಲೆ ಬರೀ ಗುಂಡಿನ ಸದ್ದು.

ನೂರು ಮಿಲಿಯನ್ ಡಾಲರ್‌ಗೂ ಮಿಕ್ಕಿ ಸುರಿದು ತೆಗೆದ 'ದಿ ಕ್ರಾನಿಕಲ್ಸ್ ಆಫ್ ರಿಡಿಕ್' ಸಿನಿಮಾ ಅಂದುಕೊಂಡಷ್ಟು ಓಡಲಿಲ್ಲ. ಅದರ ಬಾಲವಾಗಿ ಬರಬೇಕಿದ್ದ ಆಟವನ್ನು ಈಗಲೂ ಜನ ಹುಡುಕಿಕೊಂಡು ಆಡುತ್ತಾರೆ.

ಆ ತಂಡದ ಪ್ರಮುಖರು ಸ್ಟಾರ್‌ಬ್ರೀಜ್ ಬಿಟ್ಟು 2009ರಲ್ಲಿ ಅದೇ ಉಪ್ಸಾಲಾದಲ್ಲಿ ಮಷೀನ್‌ಗೇಮ್ಸ್ ಎಂಬ ಸ್ಟುಡಿಯೊ ತೆರೆದರು. 2024ರ ಡಿಸೆಂಬರ್‌ನಲ್ಲಿ ಅವರಿಂದ ಬಂದದ್ದು 'ಇಂಡಿಯಾನಾ ಜೋನ್ಸ್ ಅಂಡ್ ದಿ ಗ್ರೇಟ್ ಸರ್ಕಲ್'. ಮತ್ತೆ ಸಿನಿಮಾದ ನಾಯಕ, ಮತ್ತೆ ಕಳ್ಳಹೆಜ್ಜೆ, ಮತ್ತೆ ಮುಷ್ಟಿಯುದ್ಧ. ನಿರ್ದೇಶಕ ಜೆರ್ಕ್ ಗುಸ್ತಾಫ್ಸನ್ ಬುಚರ್ ಬೇ ತಂಡದಲ್ಲಿದ್ದವರೇ. ನಮ್ಮಲ್ಲಿ ಇಂಡಿಯಾನಾ ಜೋನ್ಸ್ ಎಂದರೆ ಹಲವರಿಗೆ ನೆನಪಾಗುವುದು ಹ್ಯಾರಿಸನ್ ಫೋರ್ಡ್ ಅಲ್ಲ, 1984ರ 'ಟೆಂಪಲ್ ಆಫ್ ಡೂಮ್'ನಲ್ಲಿ ಎದೆಗೆ ಕೈ ಹಾಕಿ ಗುಂಡಿಗೆ ಕಿತ್ತ ಅಮರೀಶ್ ಪುರಿ. ಕಾರ್ನಾಡರ 'ಕಾಡು' ಚಿತ್ರದಲ್ಲಿ ನಟಿಸಿದ್ದ ಅದೇ ಪುರಿ. ಈ ಆಟದ ಕಥೆ ಆ ಕಡೆ ಹೋಗುವುದಿಲ್ಲ. 1937ರ ವ್ಯಾಟಿಕನ್, ಗೀಜಾ, ಸುಖೋಥಾಯ್ ಸುತ್ತುತ್ತದೆ. ರಿಡಿಕ್‌ನಿಂದ ಕಣ್ಣು ತೆಗೆದುಕೊಂಡಂತೆ ಇಲ್ಲಿ ಜೋನ್ಸ್‌ನ ಕೈ ತೆಗೆದುಕೊಂಡಿದ್ದಾರೆ. ಕೈಗೆ ಸಿಕ್ಕಿದ್ದೆಲ್ಲ ಆಯುಧ: ಕಸಪೊರಕೆ, ಬಾಣಲೆ, ಗಿಟಾರು, ನೊಣ ಹೊಡೆಯುವ ಬ್ಯಾಟು. ಎರಡು ಏಟಿಗೆ ಮುರಿಯುತ್ತದೆ, ಆಮೇಲೆ ಇನ್ನೊಂದನ್ನು ತಡಕಬೇಕು. ಬಾಣಲೆ ಹಿಡಿದು ಫ್ಯಾಸಿಸ್ಟ್ ಸಿಪಾಯಿಯ ಹಿಂದೆ ತುದಿಗಾಲಲ್ಲಿ ನಡೆಯುವಾಗ ನಗು ತಡೆಯಲಾಗಲಿಲ್ಲ.

ರಿಡಿಕ್ ಮುಗಿಸಿದ ವಾರವೇ ಗೆಳೆಯನ ಮನೆಯಲ್ಲಿ ಇದನ್ನು ಶುರು ಮಾಡಿದ್ದೆ. ವ್ಯಾಟಿಕನ್ನಿನ ನೆಲಮಾಳಿಗೆ. ಜೋನ್ಸ್ ಲೈಟರ್ ಗೀರಿ, ಕತ್ತಲಲ್ಲಿ ಗೋಡೆ ಓದುತ್ತಾ ನಡೆಯಬೇಕು. ಮುಂದೆ ಬಾಗಿಲ ಪಕ್ಕ ಒಂದು ದೀಪ ಕಂಡಿತು. ನನ್ನ ಬೆರಳು ಆಗಲೇ ರಿವಾಲ್ವರ್ ಎಳೆದಿತ್ತು.

"ಯಾಕೋ, ಅಲ್ಲಿ ಯಾರೂ ಇಲ್ವಲ್ಲ?" ಎಂದ ಗೆಳೆಯ.